ದೈವದ ಪಾಲೆಷ್ಟು, ಆಳುವವರ ಪಾಲೆಷ್ಟು

ಕೋವಿಡ್ಡಿನ ಎರಡನೇ ಅಲೆ ಎದ್ದ 2021ರ ಏಪ್ರಿಲ್, ಮೇ ತಿಂಗಳಲ್ಲಿ ಕರ್ನಾಟಕದ ಸಾವಿನ ಮನೆಗಳಿಗೆ ಹೋದವರು, ಹೋಗಲಾಗದೆ ಫೋನಿನಲ್ಲೇ ಮಾತಾಡಿದವರು, ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಅವರ ಆಯಸ್ಸು ಅಷ್ಟೇ ಇತ್ತು, ಯಾರೇನು ಮಾಡೋಕಾಗುತ್ತೆ. ಸಮಾಧಾನಕ್ಕೆ ಬೇರೆ ಮಾತು ತೋಚದ ಕಾಲ ಅದು. ಆದರೆ ಅದನ್ನು ಕೇಳಿಸಿಕೊಂಡವರಲ್ಲಿ ಅನೇಕರು ಹಿಂದಿನ ರಾತ್ರಿಯಷ್ಟೇ ತಂದೆಯನ್ನೋ ಹೆಂಡತಿಯನ್ನೋ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದರು. ಹಾಸಿಗೆ ಖಾಲಿ ಇಲ್ಲ ಎಂಬ ಉತ್ತರವನ್ನು ಗೇಟಿನಲ್ಲೇ ಪಡೆದು ಮರಳಿದ್ದರು. ಅಂಥವರ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಸಣ್ಣದಲ್ಲ. ಆಯಸ್ಸು ಮುಗಿದದ್ದರಿಂದ ಹಾಸಿಗೆ ಸಿಗಲಿಲ್ಲವೋ, ಹಾಸಿಗೆ ಸಿಗದ್ದರಿಂದ ಆಯಸ್ಸು ಮುಗಿಯಿತೋ?

ಇದನ್ನು ವೇದಾಂತದ ಒಗಟೆಂದು ತಳ್ಳಿಹಾಕುವಂತಿಲ್ಲ. ಉತ್ತರ ಯಾವ ಕಡೆ ವಾಲುತ್ತದೋ ಅದರ ಮೇಲೆ ಹೊಣೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ನಿಂತಿದೆ.

ಆ ದಿನಗಳ ಬೆಂಗಳೂರನ್ನೇ ನೋಡಬಹುದು. ಸರ್ಕಾರಿ ಕೋಟಾದ ಹಾಸಿಗೆ ಬೇಕೆಂದರೆ ಬಿಯು ನಂಬರ್ ಎಂಬ ಗುರುತುಸಂಖ್ಯೆ ಇರಬೇಕಿತ್ತು. ಗಂಟಲ ದ್ರವದ ಪರೀಕ್ಷೆ ಪಾಸಿಟಿವ್ ಎಂದು ಬಂದ ಮೇಲಷ್ಟೇ ಆ ನಂಬರ್ ಹುಟ್ಟುತ್ತಿತ್ತು. ಪ್ರಯೋಗಾಲಯಗಳಲ್ಲಿ ಮಾದರಿಗಳು ರಾಶಿ ಬಿದ್ದು ವರದಿ ಬರಲು ದಿನಗಳೇ ಹಿಡಿಯುತ್ತಿದ್ದವು. ಶ್ವಾಸಕೋಶ ಹಾಳಾಗಿರುವುದು ಸಿ.ಟಿ. ಸ್ಕ್ಯಾನಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದರೂ ನಂಬರ್ ಇಲ್ಲದವರ ಹೆಸರು ಹಾಸಿಗೆ ಹಂಚುತ್ತಿದ್ದ ವಾರ್ ರೂಮಿನ ಪಟ್ಟಿಗೆ ಏರುವುದು ಕಷ್ಟವಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 90ರಿಂದ 85ಕ್ಕೆ, 85ರಿಂದ 80ಕ್ಕೆ ಇಳಿಯುತ್ತಿರುವಾಗ ಮನೆಯವರು 108, 1912 ಸಹಾಯವಾಣಿಗಳಿಗೆ, ಪರಿಚಯದ ಪರಿಚಯದವರಿಗೆ ಫೋನ್ ಮಾಡುತ್ತಲೇ ಇದ್ದರು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾದವು. ಅದರಲ್ಲಿ ಬೆಂಗಳೂರಿನ ಪಾಲೇ ಇಪ್ಪತ್ಮೂರು ಸಾವಿರ ದಾಟಿತ್ತು.

ಎರಡನೇ ಅಲೆ ಅನಿರೀಕ್ಷಿತವಾಗಿತ್ತು ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. ಭಾರತದ ಮೊದಲ ಕೋವಿಡ್ ಸಾವು ಸಂಭವಿಸಿದ್ದೇ ಕರ್ನಾಟಕದಲ್ಲಿ, 2020ರ ಮಾರ್ಚ್ 10ರಂದು. ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರನ್ನು ಮನೆಯವರು ಹೈದರಾಬಾದಿಗೆ ಕರೆದೊಯ್ದರು, ಮರಳಿ ತರುವ ದಾರಿಯಲ್ಲಿ ಜೀವ ಹೋಯಿತು. ವೈದ್ಯರ ಸಲಹೆ ಮೀರಿ ಮನೆಯವರೇ ಕರೆದೊಯ್ದರು ಎಂದು ಸರ್ಕಾರದ ಪ್ರಕಟಣೆ ಹೇಳಿತು. ಮೊದಲ ಸಾವಿನ ಜೊತೆಗೇ ಹೊಣೆಯ ಬೆರಳು ಬಂಧುಗಳತ್ತ ತಿರುಗಿತು. ಅದೇ ವರ್ಷದ ಜೂನ್ ಕೊನೆಗೆ ಬೆಂಗಳೂರಿನ 52 ವರ್ಷದ ವ್ಯಾಪಾರಿಯೊಬ್ಬರು ಆಸ್ಪತ್ರೆಯ ಬಾಗಿಲಲ್ಲೇ ತೀರಿಕೊಂಡಾಗ, ಹದಿನೆಂಟು ಆಸ್ಪತ್ರೆಗಳು ಸೇರಿಸಿಕೊಳ್ಳಲಿಲ್ಲವೆಂದು ಕುಟುಂಬ ದೂರಿತು. ಆರೋಗ್ಯ ಇಲಾಖೆ ಖಾಸಗಿ ಆಸ್ಪತ್ರೆಗಳಿಗೆ ನೋಟಿಸ್ ಕೊಟ್ಟಿತು. ಅದಾದ ಮೇಲೆ ಸಿದ್ಧತೆಗೆ ಇದ್ದದ್ದು ಹತ್ತು ತಿಂಗಳು.

ಹತ್ತು ತಿಂಗಳ ನಂತರ ಚಾಮರಾಜನಗರ.

2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯುತ್ತಾ ಬಂತು. ಸಿಲಿಂಡರ್ ಬರಬೇಕಾಗಿದ್ದದ್ದು ಮೈಸೂರಿನಿಂದ. ಮಾರನೆಯ ದಿನ ಹೊರಬಿದ್ದ ಸುದ್ದಿ, ಇಪ್ಪತ್ನಾಲ್ಕು ಗಂಟೆಯಲ್ಲಿ 24 ರೋಗಿಗಳ ಸಾವು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರಿಗೆ ಬೇರೆ ಬೇರೆ ಕಾಯಿಲೆಗಳಿದ್ದವು ಎಂದು ಆರೋಗ್ಯ ಸಚಿವರು ಮೊದಲು ಹೇಳಿದರು. ಹೈಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿಯನ್ನು ನೇಮಿಸಿತು. ಆಮ್ಲಜನಕದ ಕೊರತೆಯೇ ಸಾವುಗಳಿಗೆ ಕಾರಣ ಎಂದು ಆ ಸಮಿತಿ ವರದಿ ಕೊಟ್ಟಿತು. ಮೇ 5ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ರಾಜ್ಯದ ಆಮ್ಲಜನಕದ ಪಾಲನ್ನು ದಿನಕ್ಕೆ 965 ಟನ್ನಿನಿಂದ 1,200 ಟನ್ನಿಗೆ ಏರಿಸಲು ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ದಿನದ ಬಳಿಕ ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ಉಸಿರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದ ನಾಡಿನಲ್ಲಿ 24 ಜನರ ಆಯಸ್ಸು ಒಂದೇ ಸೂರಿನಡಿ, ಒಂದೇ ದಿನ, ತಾನಾಗಿಯೇ ಮುಗಿಯಿತೆಂದು ನಂಬಬೇಕೆ?

ಬಹಳ ಹಿಂದೆಯೇ ಈ ಪ್ರಶ್ನೆಯನ್ನು ಕೇಳಿದವರಿದ್ದಾರೆ. ಆಯುರ್ವೇದದ ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದ ವಿಷಯವೇ ಜನಪದಗಳನ್ನು ನಾಶ ಮಾಡುವ ಸಾಂಕ್ರಾಮಿಕ. ಪಾಂಚಾಲದ ಕಾಂಪಿಲ್ಯದಲ್ಲಿ, ಬೇಸಿಗೆಯಲ್ಲಿ, ಗಂಗೆಯ ದಡದ ಕಾಡಿನಲ್ಲಿ ನಡೆಯುತ್ತಾ ಆತ್ರೇಯ ಪುನರ್ವಸು ಶಿಷ್ಯರೊಡನೆ ಮಾತಾಡುತ್ತಾನೆ. ದೇಹಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲವೂ ಬೇರೆಬೇರೆಯಾಗಿರುವ ಜನ ಒಂದೇ ರೋಗಕ್ಕೆ ಒಂದೇ ಸಮಯದಲ್ಲಿ ಸಾಯುವುದು ಹೇಗೆ ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ, ಕಾಲ ಕೆಡುವುದರಿಂದ ಎಂಬುದು ಗುರುವಿನ ಉತ್ತರ. ಅವು ಏಕೆ ಕೆಡುತ್ತವೆ ಎಂಬ ಪ್ರಶ್ನೆಗೆ ಅವನು ಅಧರ್ಮವನ್ನು ಮೂಲವೆಂದು ತೋರಿಸುತ್ತಾನೆ. ಅಲ್ಲಿ ಅವನು ಮೊದಲು ಹೆಸರಿಸುವುದು ರೋಗಿಯ ಪಾಪವನ್ನಲ್ಲ. ದೇಶ, ನಗರಗಳ ಮುಖ್ಯಸ್ಥರು ಧರ್ಮ ಮೀರಿ ಪ್ರಜೆಗಳನ್ನು ನಡೆಸಿಕೊಂಡಾಗ, ಅವರ ಆಶ್ರಿತರೂ ವ್ಯವಹಾರದಿಂದ ಬದುಕುವವರೂ ಆ ಅಧರ್ಮವನ್ನು ಇನ್ನಷ್ಟು ಬೆಳೆಸುತ್ತಾರೆ ಎನ್ನುತ್ತಾನೆ. ಅವನು ಮುಂದೆ ಹೇಳುವ ಮಳೆ ಕೆಡುವ, ದೇವತೆಗಳು ಕೈಬಿಡುವ ವಿವರಗಳನ್ನು ಇಂದು ಯಥಾವತ್ ಒಪ್ಪಬೇಕಿಲ್ಲ. ಆದರೆ ರೆಮ್‌ಡೆಸಿವಿರ್ ಇಂಜೆಕ್ಷನ್ ಕಾಳಸಂತೆಯಲ್ಲಿ ಮಾರಾಟವಾದ, ಆಂಬುಲೆನ್ಸಿನವರು ಬಾಯಿಗೆ ಬಂದಷ್ಟು ಬಾಡಿಗೆ ಕೇಳಿದ ಊರುಗಳಲ್ಲಿ ಇದ್ದವರಿಗೆ ಅಧರ್ಮ ಮೇಲಿನಿಂದ ಕೆಳಕ್ಕೆ ಹರಡುವ ಆ ಕ್ರಮ ಅಪರಿಚಿತವಾಗಿ ತೋರುವುದಿಲ್ಲ.

ಅದೇ ಅಧ್ಯಾಯದಲ್ಲಿ ಅಗ್ನಿವೇಶ ಇನ್ನೊಂದು ಪ್ರಶ್ನೆ ಎತ್ತುತ್ತಾನೆ. ಆಯಸ್ಸು ಮೊದಲೇ ನಿಗದಿಯಾಗಿದೆಯೋ ಇಲ್ಲವೋ? ಆತ್ರೇಯನ ಉತ್ತರದಲ್ಲಿ ಅಡ್ಡಗೋಡೆಯ ಮೇಲಿನ ದೀಪವಿಲ್ಲ. ಆಯಸ್ಸು ದೈವ ಮತ್ತು ಪುರುಷಕಾರ ಎರಡನ್ನೂ ನೆಚ್ಚಿಕೊಂಡಿದೆ, ದುರ್ಬಲವಾದ ದೈವವನ್ನು ಬಲವಾದ ಪ್ರಯತ್ನ ಗೆಲ್ಲುತ್ತದೆ ಎನ್ನುತ್ತಾನೆ. ಎಲ್ಲರ ಆಯಸ್ಸೂ ನಿಗದಿಯಾಗಿದ್ದರೆ ಮದ್ದು, ಮಂತ್ರ, ಪಥ್ಯ ಯಾವುದೂ ಬೇಕಿರಲಿಲ್ಲ, ಮದಿಸಿದ ಆನೆಗೂ ಉಕ್ಕುವ ಹೊಳೆಗೂ ಯಾರೂ ಹೆದರಬೇಕಿರಲಿಲ್ಲ ಎಂದು ವಾದಿಸುತ್ತಾನೆ. ಕಾಲಮೃತ್ಯು, ಅಕಾಲಮೃತ್ಯುಗಳ ವ್ಯತ್ಯಾಸಕ್ಕೆ ಅವನು ಕೊಡುವ ಉಪಮೆ ಗಾಡಿಯ ಇರುಸು. ಒಳ್ಳೆಯ ಇರುಸು ತನ್ನ ಕಾಲ ಬಾಳಿ ಸವೆಯುತ್ತದೆ. ಹೊರೆ ಹೆಚ್ಚಾದರೆ, ದಾರಿ ಕೆಟ್ಟಿದ್ದರೆ, ಗಾಲಿ ಮುರಿದರೆ, ಎಣ್ಣೆ ಕಾಣದಿದ್ದರೆ ನಡುವೆಯೇ ಮುರಿಯುತ್ತದೆ. ಜ್ವರ ಮೊದಲಾದ ರೋಗಗಳಿಗೆ ಸರಿಯಾದ ಚಿಕಿತ್ಸೆ ಆಗದೆ ಬರುವ ಸಾವನ್ನೂ ಅವನು ಅಕಾಲಮೃತ್ಯುವಿನ ಸಾಲಿಗೇ ಸೇರಿಸುತ್ತಾನೆ. ಶಾಸ್ತ್ರದ ಹೆಸರು ಹೇಳಿ ಆಯಸ್ಸಿನ ಮಾತಾಡುವವರು ಈ ಶಾಸ್ತ್ರವನ್ನೂ ಓದಬೇಕು.

ಬೇರೆ ಮತಗಳ ಚಿಂತನೆಯೂ ಇದರಿಂದ ದೂರವಿಲ್ಲ. ಏಳನೇ ಶತಮಾನದಲ್ಲಿ ಸಿರಿಯಾದಲ್ಲಿ ಪ್ಲೇಗ್ ಹಬ್ಬಿದಾಗ ಖಲೀಫ ಉಮರ್ ಸರ್ಗ್ ಎಂಬಲ್ಲಿಂದ ತನ್ನ ಪರಿವಾರವನ್ನು ಹಿಂದಕ್ಕೆ ತಿರುಗಿಸಿದ. ದೇವರ ವಿಧಿಯಿಂದ ಓಡಿಹೋಗುತ್ತೀಯಾ ಎಂದು ಸೇನಾನಿ ಅಬೂ ಉಬೈದ ಕೇಳಿದಾಗ, ದೇವರ ಒಂದು ವಿಧಿಯಿಂದ ದೇವರದೇ ಇನ್ನೊಂದು ವಿಧಿಯತ್ತ ಹೋಗುತ್ತಿರುವುದಾಗಿ ಉಮರ್ ಉತ್ತರಿಸಿದನೆಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಲೂಕನ ಸುವಾರ್ತೆಯಲ್ಲಿ ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತ ಪ್ರಸ್ತಾಪ ಬರುತ್ತದೆ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಯೇಸು ನಿರಾಕರಿಸುತ್ತಾನೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮವೊಂದು ನಡೆಯಲು ಐದು ಕಾರಣಗಳನ್ನು ಎಣಿಸುತ್ತದೆ. ಆಧಾರ, ಕರ್ತೃ, ಸಾಧನಗಳು, ಬಗೆಬಗೆಯ ಚೇಷ್ಟೆಗಳು ಆದ ಮೇಲೆ ಐದನೆಯದಾಗಿ ಬರುತ್ತದೆ ದೈವ. ಸಿಲಿಂಡರ್ ಸಾಧನದ ಲೆಕ್ಕಕ್ಕೆ ಸೇರಿದ್ದು. ಅದನ್ನು ಸಮಯಕ್ಕೆ ತರಿಸುವುದು ಕರ್ತೃವಿನ ಕೆಲಸ.

ಹಾಗಾದರೆ ಆಯಸ್ಸಿನ ಮಾತು ಬರೀ ಸುಳ್ಳೇ? ಅಲ್ಲ. ಅದಕ್ಕೆ ಸಲ್ಲುವ ಜಾಗವೊಂದಿದೆ, ಅದು ಬದುಕುಳಿದ ಬಂಧುಗಳ ಎದೆ. ಸಾಂಕ್ರಾಮಿಕ ಮುಗಿದು ವರ್ಷಗಳಾದರೂ ಎಷ್ಟೋ ಮಕ್ಕಳು ತಮ್ಮನ್ನೇ ಹಳಿದುಕೊಳ್ಳುತ್ತಿದ್ದಾರೆ. ಒಂದು ದಿನ ಮೊದಲೇ ಸೇರಿಸಿದ್ದರೆ, ಇನ್ನೊಂದು ಫೋನ್ ಮಾಡಿದ್ದರೆ, ಆ ಇಂಜೆಕ್ಷನ್ ಹೇಗಾದರೂ ತಂದಿದ್ದರೆ. ಇಂಥವರು ತಿಳಿಯಬೇಕಾದ ಸಂಗತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿದ ಸಾಲಿಡಾರಿಟಿ ಪ್ರಯೋಗದ 2020ರ ಅಕ್ಟೋಬರಿನ ಫಲಿತಾಂಶದಲ್ಲಿ ರೆಮ್‌ಡೆಸಿವಿರ್ ಸಾವನ್ನು ತಡೆದದ್ದು ಅಷ್ಟಾಗಿ ಕಾಣಲಿಲ್ಲ. ನವೆಂಬರ್ 20ರಂದು ಆ ಸಂಸ್ಥೆ ಅದರ ಬಳಕೆ ಬೇಡವೆಂಬ ಸಲಹೆಯನ್ನೂ ಕೊಟ್ಟಿತ್ತು. ಪ್ಲಾಸ್ಮಾ ಚಿಕಿತ್ಸೆಯಿಂದ ಲಾಭವಿಲ್ಲವೆಂದು ಭಾರತದಲ್ಲೇ ನಡೆದ ಅಧ್ಯಯನ ತೋರಿಸಿತ್ತು, ಆದರೂ ಅದು ದೇಶದ ಚಿಕಿತ್ಸಾ ಮಾರ್ಗಸೂಚಿಯಿಂದ ಹೊರಬಿದ್ದದ್ದು 2021ರ ಮೇ 17ರಂದು. ಅಷ್ಟರಲ್ಲಿ ಸಾವಿರಾರು ಕುಟುಂಬಗಳು ಚೀಟಿ ಹಿಡಿದು ಊರೆಲ್ಲ ಸುತ್ತಿದ್ದವು, ಒಡವೆ ಅಡವಿಟ್ಟಿದ್ದವು. ಸಿಗದೇ ಹೋದ ಆ ಬಾಟಲಿಗಾಗಿ ಯಾವ ಮಗನೂ ಯಾವ ಮಗಳೂ ಜೀವನಪೂರ್ತಿ ನವೆಯಬೇಕಿಲ್ಲ. ಕೈಲಾದದ್ದನ್ನೆಲ್ಲ ಮಾಡಿದವರು ಮಿಕ್ಕದ್ದನ್ನು ದೈವಕ್ಕೆ ಬಿಡಬಹುದು, ಬಿಡಬೇಕು. ಕೈಲಿದ್ದದ್ದನ್ನು ಮಾಡದವರಿಗೆ ಆ ಹಕ್ಕಿಲ್ಲ.

ಇನ್ನೊಂದು ಅಪರಾಧಭಾವ ಇದಕ್ಕಿಂತ ಸೂಕ್ಷ್ಮ. ಶಾಸಕರಿಗೋ ಪರಿಚಯದ ಅಧಿಕಾರಿಗೋ ಫೋನ್ ಮಾಡಿಸಿ ತಮ್ಮವರಿಗೆ ಹಾಸಿಗೆ ಕೊಡಿಸಿದವರು ಆಮೇಲೆ ಯೋಚಿಸಿದ್ದಾರೆ: ಆ ಹಾಸಿಗೆ ಯಾರದ್ದಾಗಿತ್ತು? ಮಹಾಭಾರತದ ಯಕ್ಷಪ್ರಶ್ನೆಯ ಕೊನೆಯಲ್ಲಿ ಇಂಥದೇ ಇಕ್ಕಟ್ಟಿದೆ. ಸರೋವರದ ದಡದಲ್ಲಿ ನಾಲ್ವರು ತಮ್ಮಂದಿರು ಸತ್ತು ಬಿದ್ದಿದ್ದಾರೆ, ಒಬ್ಬನನ್ನು ಮಾತ್ರ ಬದುಕಿಸುತ್ತೇನೆ ಎನ್ನುತ್ತಾನೆ ಯಕ್ಷ. ಯುಧಿಷ್ಠಿರ ಭೀಮನನ್ನೂ ಅರ್ಜುನನನ್ನೂ ಬಿಟ್ಟು ನಕುಲನನ್ನು ಕೇಳುತ್ತಾನೆ. ಕುಂತಿಗೆ ತಾನು ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದು ಅವನ ನ್ಯಾಯ. ಆದರೆ ಅಲ್ಲಿ ಕುಂತಿಯೇ ನಿಂತಿದ್ದರೆ? ತಾನು ಹೆತ್ತ ಭೀಮನನ್ನೋ ಅರ್ಜುನನನ್ನೋ ಬೇಡಿದ್ದರೆ ಅವಳನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಸಮದೃಷ್ಟಿ ಇರಬೇಕಾದದ್ದು ಹಂಚುವ ಸ್ಥಾನದಲ್ಲಿರುವವನಿಗೆ. ಆಸ್ಪತ್ರೆಯ ಗೇಟಿನಲ್ಲಿ ಅಂಗಲಾಚಿದ ಮಗ ಕುಂತಿಯ ಜಾಗದಲ್ಲಿದ್ದ. ಯುಧಿಷ್ಠಿರನ ಜಾಗದಲ್ಲಿ ಕೂರಬೇಕಾದವರು ಆ ಕುರ್ಚಿಯನ್ನು ಪರಿಚಯಕ್ಕೂ ಹಣಕ್ಕೂ ಬಿಟ್ಟುಕೊಟ್ಟದ್ದು ಪಾಪ. ಇಟಲಿಯ ಅರಿವಳಿಕೆ ಮತ್ತು ತೀವ್ರ ನಿಗಾ ತಜ್ಞರ ಸಂಘ 2020ರ ಮಾರ್ಚಿನಲ್ಲೇ, ಹಾಸಿಗೆ ಸಾಲದಾದಾಗ ಯಾರಿಗೆ ಮೊದಲು ಎಂಬ ಕಠಿಣ ನಿಯಮವನ್ನು ಬರೆದು ಪ್ರಕಟಿಸಿ, ಅದಕ್ಕಾಗಿ ಟೀಕೆಯನ್ನೂ ಎದುರಿಸಿತು. ಬರೆದಿಟ್ಟ ನಿಯಮವನ್ನು ಪ್ರಶ್ನಿಸಬಹುದು. ಫೋನಿನಲ್ಲಿ ನಡೆದ ಆಯ್ಕೆಯನ್ನು ಪ್ರಶ್ನಿಸುವುದಕ್ಕೂ ಆಗುವುದಿಲ್ಲ.

2021ರ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಸಚಿವರೊಬ್ಬರು, ಬಂಧುಗಳು ಒಯ್ಯದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಶಾಸ್ತ್ರೋಕ್ತವಾಗಿ ಕಾವೇರಿಯಲ್ಲಿ ಬಿಟ್ಟರು. ಬೆಂಗಳೂರಿನಲ್ಲಿ ಮರ್ಸಿ ಏಂಜೆಲ್ಸ್ ಸ್ವಯಂಸೇವಕರು ತಾವು ಕಂಡರಿಯದವರ ದೇಹಗಳನ್ನು ಅವರವರ ಮತದ ವಿಧಿಯಂತೆ ಮಣ್ಣಿಗೋ ಬೆಂಕಿಗೋ ಒಪ್ಪಿಸಿದರು. ಎರಡೂ ಪುಣ್ಯದ ಕೆಲಸಗಳೇ. ಆದರೆ ಸರ್ಕಾರ ಮಗನ ಸ್ಥಾನದಲ್ಲಿ ನಿಂತು ಅಸ್ಥಿ ಬಿಡುವುದಾದರೆ, ಉಸಿರಿದ್ದಾಗ ಮಗ ಮಾಡಬೇಕಿದ್ದ ಕೆಲಸದ ಲೆಕ್ಕವನ್ನೂ ಅದೇ ಕೊಡಬೇಕು. ಆ ಲೆಕ್ಕ ಬಂದದ್ದು ಹೀಗೆ: 2021ರ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತು.

ಆತ್ರೇಯ ಕಾಂಪಿಲ್ಯದಲ್ಲಿ ಶಿಷ್ಯರಿಗೆ ಮೊಟ್ಟಮೊದಲು ಹೇಳಿದ್ದು ಕಾರಣಗಳ ಮಾತನ್ನಲ್ಲ. ರೋಗ ಹಬ್ಬಿದ ಮೇಲೆ ನೆಲ ಸಾರ ಕಳೆದುಕೊಳ್ಳುತ್ತದೆ, ಆದ್ದರಿಂದ ಈಗಲೇ ಮೂಲಿಕೆಗಳನ್ನು ಕಿತ್ತು ಕೂಡಿಡಿ ಎಂದ. ನಮ್ಮ ಕಾಲದ ಮೂಲಿಕೆಗಳಲ್ಲಿ ಒಂದು, ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಪಿಎಸ್‌ಎ ಘಟಕ. ದೇಶದ ಎಲ್ಲ ಜಿಲ್ಲೆಗಳಲ್ಲೂ ಅಂಥ ಘಟಕ ಇದೆಯೆಂದು 2021ರ ಅಕ್ಟೋಬರಿನಲ್ಲಿ ಕೇಂದ್ರ ಘೋಷಿಸಿತು. ಈ ಬರಹ ಓದಿದವರು ತಮ್ಮ ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಆ ಘಟಕ ಕಡೆಯದಾಗಿ ಯಾವಾಗ ಓಡಿತು, ಅದನ್ನು ನಡೆಸುವ ತಂತ್ರಜ್ಞರು ಇದ್ದಾರೆಯೇ, ದುರಸ್ತಿಗೆ ಹಣ ಬರುತ್ತಿದೆಯೇ ಎಂದು ಆರೋಗ್ಯ ರಕ್ಷಾ ಸಮಿತಿಯನ್ನು ಕೇಳಲಿ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಬರಹದಲ್ಲೇ ಉತ್ತರ ಪಡೆಯಲಿ.