ಸಂಶಯಕ್ಕೆ ಶಿಕ್ಷಿಸುವ ಹಕ್ಕುಂಟೆ?

ಪ್ರೇಮ, ರಹಸ್ಯ, ಸೇಡು ಈ ಮೂರನ್ನೂ ಹೆಣೆದು, ಪರದೇಶದ ಹಳೆಯ ಬಂಗಲೆಯೊಂದರಲ್ಲಿ ಕಥೆ ನಡೆಸುವ ಕಾದಂಬರಿಗಳನ್ನು ನಾವು ಸಾಮಾನ್ಯವಾಗಿ ಹೊತ್ತು ಕಳೆಯುವುದಕ್ಕೆಂದು ಓದುತ್ತೇವೆ. ರೈಲಿನಲ್ಲಿ ಹಿಡಿದದ್ದನ್ನು ಇಳಿಯುವಾಗ ಮರೆತೂ ಬಿಡುತ್ತೇವೆ. ಆದರೆ ಈ ಜಾತಿಯ ಪುಸ್ತಕಗಳಲ್ಲೂ ಕೆಲವು ನಮ್ಮನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಂಗ್ಲಿಷ್ ಲೇಖಕಿ ಡಾಫ್ನೆ ಡು ಮೋರಿಯೇ 1951ರಲ್ಲಿ ಪ್ರಕಟಿಸಿದ ‘ಮೈ ಕಸಿನ್ ರೇಚಲ್’ ಅಂಥದೊಂದು. 1952ರಲ್ಲೊಮ್ಮೆ, 2017ರಲ್ಲೊಮ್ಮೆ ಅದು ಚಲನಚಿತ್ರವೂ ಆಯಿತು. ಅದು ಎತ್ತುವ ಪ್ರಶ್ನೆ ಮಾತ್ರ ಯಾವ ಕಾಲಕ್ಕೂ ಹಳೆಯದಾಗುವಂಥದಲ್ಲ.

ಕಥೆ ಕುದುರೆಗಾಡಿಗಳ ಕಾಲದ್ದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಜಮೀನುದಾರ ಆಂಬ್ರೋಸ್ ಮದುವೆಯಾಗದೆ, ತಬ್ಬಲಿಯಾದ ದಾಯಾದಿ ಹುಡುಗ ಫಿಲಿಪ್‌ನನ್ನು ಮಗನಂತೆ ಸಾಕಿದವನು. ಆರೋಗ್ಯಕ್ಕೆಂದು ಇಟಲಿಗೆ ಹೋದವನು ಫ್ಲಾರೆನ್ಸಿನಲ್ಲಿ ರೇಚಲ್ ಎಂಬ ವಿಧವೆಯನ್ನು ವರಿಸುತ್ತಾನೆ. ಮೊದಮೊದಲು ಅವನ ಕಾಗದಗಳ ತುಂಬ ಸಂತೋಷ; ಬರಬರುತ್ತ ಕಾಯಿಲೆ, ಭಯ, ಹೆಂಡತಿಯ ಮೇಲೆಯೇ ಗುಮಾನಿ. ಫಿಲಿಪ್ ಗಾಬರಿಯಿಂದ ಓಡಿಹೋಗುವ ಹೊತ್ತಿಗೆ ಆಂಬ್ರೋಸ್ ಮಣ್ಣು ಸೇರಿದ್ದಾನೆ. ಮಿದುಳಿನ ಗಡ್ಡೆಯಿಂದ ಸತ್ತನೆಂದು ಅಲ್ಲಿನವರ ಮಾತು. ರೇಚಲಳೇ ಕಾರಣವೆಂದು ನಿಶ್ಚಯಿಸಿದ ಫಿಲಿಪ್ ಸೇಡಿನ ಶಪಥ ತೊಡುತ್ತಾನೆ.

ಆದರೆ ಆಕೆ ಅವನ ಮನೆಗೇ ಬಂದಾಗ ಶಪಥ ಕರಗುತ್ತದೆ. ಮನೆತನದ ಒಡವೆಗಳನ್ನೂ, 25 ವರ್ಷ ತುಂಬುವ ಹೊತ್ತಿಗೆ ಆಸ್ತಿಯನ್ನೂ ಅವಳಿಗೆ ಒಪ್ಪಿಸಿಬಿಡುತ್ತಾನೆ. ಅವಳು ಮದುವೆಗೆ ಒಲ್ಲೆನೆನ್ನುತ್ತಾಳೆ. ಮಲಗಿದ್ದ ಸಂಶಯ ಆಗ ಬಲವಾಗಿ ಹೆಡೆಯೆತ್ತುತ್ತದೆ. ಇದು ಗಮನಿಸತಕ್ಕ ಅಂಶ. ಅವನು ಕಾಯಿಲೆ ಬಿದ್ದಾಗ ಶುಶ್ರೂಷೆ ಮಾಡಿದವಳು ಅವಳೇ. ಅವನಿಗೆ ಗಿಡಮೂಲಿಕೆಯ ಕಷಾಯ ಕುಡಿಸಿದವಳೂ ಅವಳೇ. ಮುಂದೆ ಅವಳ ಬಳಿ ಲಬರ್ನಮ್ ಮರದ ವಿಷಬೀಜಗಳು ಅವನ ಕಣ್ಣಿಗೆ ಬೀಳುತ್ತವೆ. ಅವಳಾದರೋ ತೋಟಗಾರಿಕೆಯ ಹುಚ್ಚಿನವಳು. ಒಂದೇ ಬೀಜ, ಒಂದೇ ಕಷಾಯ: ಪ್ರೀತಿಯ ಕಣ್ಣಿಗೆ ಉಪಚಾರ, ಸಂಶಯದ ಕಣ್ಣಿಗೆ ಕೊಲೆ.

ಆ ತೋಟದಲ್ಲಿ ಒಂದು ಸೇತುವೆ ಕಟ್ಟುತ್ತಿದ್ದಾರೆ. ಅದು ಇನ್ನೂ ಭಾರ ತಾಳದು, ಕಾಲಿಟ್ಟವರು ಕೆಳಗೆ ಬೀಳುತ್ತಾರೆಂದು ಮೇಸ್ತ್ರಿ ಫಿಲಿಪ್‌ನಿಗೆ ಎಚ್ಚರಿಸಿದ್ದಾನೆ. ರೇಚಲ್ ಅತ್ತ ತಿರುಗಾಡಲು ಹೊರಟಾಗ ಫಿಲಿಪ್ ಸೇತುವೆಯ ಮಾತನ್ನೇ ಎತ್ತುವುದಿಲ್ಲ. ಅವಳು ಅತ್ತ ಹೋದ ಮೇಲೆ ಕೋಣೆಯನ್ನು ಜಾಲಾಡಿದರೆ ಅಪರಾಧವನ್ನು ಸಿದ್ಧಪಡಿಸುವ ಯಾವುದೂ ಸಿಗುವುದಿಲ್ಲ. ಓಡಿಬರುವಷ್ಟರಲ್ಲಿ ಅವಳು ಬಿದ್ದಾಗಿದೆ. ಅವಳು ವಿಷವಿಟ್ಟಳೋ ಇಲ್ಲವೋ, ಲೇಖಕಿ ಕೊನೆಯವರೆಗೂ ಹೇಳುವುದಿಲ್ಲ.

ಇಲ್ಲಿ ಕೈ ಎತ್ತಿದವರಿಲ್ಲ, ಕತ್ತಿ ಹಿರಿದವರಿಲ್ಲ. ಆದರೂ ಒಂದು ಕೊಲೆ ನಡೆಯಿತೆಂದು ನಮಗೆ ಅನಿಸುತ್ತದೆ, ಅಲ್ಲವೆ? ಮಾಡಿದ್ದಕ್ಕೆ ಮಾತ್ರ ನಾವು ಹೊಣೆ, ಮಾಡದೆ ಬಿಟ್ಟದ್ದಕ್ಕೆ ಅಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಅಪಾಯ ಬಲ್ಲವನು ಒಬ್ಬನೇ ಆಗಿರುವಾಗ, ಒಂದು ಮಾತಿನಿಂದ ಅದು ತಪ್ಪುವಂತಿರುವಾಗ, ಸುಮ್ಮನಿರುವುದೂ ಒಂದು ಕೃತ್ಯವೇ.

ಅವಳು ನಿಜವಾಗಿ ವಿಷಕನ್ಯೆಯೇ ಆಗಿದ್ದರೆ? ಓದುಗರು ಈ ಪ್ರಶ್ನೆ ಹಾಕಿಯೇ ಹಾಕುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಆಗಲೂ ಫಿಲಿಪ್‌ನಿಗೆ ದಾರಿಗಳಿದ್ದವು. ಕಷಾಯ ಕುಡಿಯದಿರಬಹುದಿತ್ತು, ಹಿರಿಯನೂ ಹಿತೈಷಿಯೂ ಆದ ತನ್ನ ಪೋಷಕನ ಮುಂದೆ ಎಲ್ಲವನ್ನೂ ಇಡಬಹುದಿತ್ತು, ಅವಳನ್ನೇ ಎದುರು ನಿಲ್ಲಿಸಿ ಕೇಳಬಹುದಿತ್ತು. ಸಂಶಯ ನಮಗೆ ಎಚ್ಚರಿಕೆಯ ಹಕ್ಕನ್ನು ಕೊಡುತ್ತದೆ, ದೂರ ಸರಿಯುವ ಹಕ್ಕನ್ನೂ ಕೊಡುತ್ತದೆ. ಶಿಕ್ಷಿಸುವ ಹಕ್ಕನ್ನು ಕೊಡುವುದಿಲ್ಲ.

ಕಾದಂಬರಿ ಆರಂಭವಾಗುವುದೇ ನಾಲ್ಕು ದಾರಿ ಕೂಡುವಲ್ಲಿ ನೇತಾಡುವ ಹೆಣವೊಂದರ ನೆನಪಿನಿಂದ. ಬಾಲಕ ಫಿಲಿಪ್‌ನಿಗೆ ಅದನ್ನು ತೋರಿಸಿದವನು ಆಂಬ್ರೋಸ್. ಆ ನೇಣು ಕ್ರೂರವೇ ಇರಬಹುದು. ಆದರೂ ವಿಚಾರಣೆ ಎಂಬುದೊಂದರಲ್ಲಿ ದೂರುವವನು ಬೇರೆ, ಸಾಕ್ಷಿ ಬೇರೆ, ತೀರ್ಪುಗಾರ ಬೇರೆ. ಆರೋಪಿಗೂ ಬಾಯಿ ತೆರೆಯಲು ಒಂದು ಗಳಿಗೆ ಉಂಟು. ಸೇಡಿನಲ್ಲಿ ಎಲ್ಲ ಪಾತ್ರಗಳೂ ಒಬ್ಬನವೇ. ಅದೂ ಪ್ರೇಮಭಂಗವಾದ ಒಬ್ಬನವು.

ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಮಗೆ ಈ ಕಥೆಯ ಒಂದು ಸಂಗತಿ ಬಹಳ ಹತ್ತಿರದ್ದು: ಫಿಲಿಪ್ ಕಾಣದ ಹೆಂಗಸನ್ನು ದ್ವೇಷಿಸತೊಡಗಿದ್ದು ದೂರದಿಂದ ಬಂದ ನಾಲ್ಕು ಕಾಗದಗಳ ಬಲದಿಂದ. ಅಂಚೆಯ ಕಾಲದಲ್ಲಿ ನಮ್ಮ ಮನೆಗಳಿಗೂ ಅಂಥ ಕಾಗದಗಳು ಬರುತ್ತಿದ್ದವು. ಈಗ ಫೋನು ಬರುತ್ತದೆ. ಅಣ್ಣ ಬದಲಾಗಿದ್ದಾನೆ, ಅತ್ತಿಗೆಯೇ ಕಾರಣ. ಜಮೀನಿನ ಪತ್ರ ಯಾರೋ ಮುಚ್ಚಿಟ್ಟಿದ್ದಾರೆ. ಹೇಳಿದವರು ಸುಳ್ಳರೇ ಆಗಬೇಕಿಲ್ಲ. ಆಂಬ್ರೋಸನೂ ಸುಳ್ಳು ಬರೆದವನಲ್ಲ, ಕಾಯಿಲೆಯಲ್ಲಿ ತನಗೆ ಕಂಡದ್ದನ್ನು ಬರೆದವನು. ನಾವು ಯಾರ ಪ್ರಾಣಕ್ಕೂ ಕೈ ಹಾಕುವುದಿಲ್ಲ, ದಿಟ. ಮದುವೆಗೆ ಕರೆಯದೆ ಬಿಡುತ್ತೇವೆ, ಹತ್ತು ವರ್ಷ ಮಾತು ಬಿಡುತ್ತೇವೆ. ಏಕೆಂದು ಆ ಅತ್ತಿಗೆಗೆ ತಿಳಿಯುವುದೂ ಇಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಾಣದ್ದರ ಬಗ್ಗೆ ಇನ್ನೆಷ್ಟು ತಾಳ್ಮೆ ಬೇಕು! ಮುಂದಿನ ಬಾರಿ ಊರಿಗೆ ಹೋದಾಗ ನೇರವಾಗಿ ಒಂದು ಮಾತು ಕೇಳಿದರೆ ನಮ್ಮ ದೊಡ್ಡಸ್ತಿಕೆ ಕುಂದುವುದಿಲ್ಲ. ಕೇಳಿದ ಮೇಲೂ ಸಂಶಯ ಉಳಿದೀತು. ಉಳಿಯಲಿ. ಮನುಷ್ಯರ ನಡುವೆ ಸ್ವಲ್ಪ ಸಂಶಯವನ್ನು ಇಟ್ಟುಕೊಂಡೇ ಸಜ್ಜನಿಕೆಯಿಂದ ಬಾಳಬಹುದು.