ಡಬ್ಬಿಯ ತಳದಲ್ಲಿ ಉಳಿದದ್ದು



ಧಮ್ಮ ಬಂಧುಗಳೇ, ಇಂದಿನ ಚಿಂತನದ ವಿಷಯ ದೊಡ್ಡದಲ್ಲ. ನಮ್ಮ ಅಡಿಗೆಮನೆಯ ವಿಷಯ. ಆದರೆ ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಒಂದು ಮಾತು ಅಲ್ಲಿಯೇ ನನಗೆ ಅರ್ಥವಾಯಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ಮೇ ತಿಂಗಳ ಕೊನೆಗೆ ನಾವು ತಿಕೋಟಾದ ಬಾಡಿಗೆ ಮನೆ ಬಿಟ್ಟು ವಿಜಯಪುರಕ್ಕೆ ಬಂದೆವು. ದಾರಿ ದೂರದ್ದೇನಲ್ಲ. ಆದರೆ ಒಂಬತ್ತು ವರ್ಷದ ಸಂಸಾರವನ್ನು ಕಟ್ಟಿ ಎತ್ತುವಾಗ ದೂರ ಲೆಕ್ಕಕ್ಕೆ ಬರುವುದಿಲ್ಲ, ಭಾರ ಬರುತ್ತದೆ. ಮೊದಲು ಪುಸ್ತಕ ಕಟ್ಟಿದೆವು, ಆಮೇಲೆ ಅರಿವೆ. ಅಡಿಗೆಮನೆಗೆ ಮಾತ್ರ ಒಂದು ತಿಂಗಳು ಮೊದಲೇ ಕರಾರು ಮಾಡಿಕೊಂಡೆವು. ಹಾಲು, ಎಣ್ಣೆ, ಕಾಯಿಪಲ್ಯ ಬಿಟ್ಟು ಕಿರಾಣಿ ಅಂಗಡಿಯಿಂದ ಏನೂ ತರುವುದಿಲ್ಲ. ಇದ್ದದ್ದನ್ನು ಬೇಯಿಸಿ ಮುಗಿಸುವುದು.

ಮಗಳು ಹಾಳೆಯ ಮೇಲೆ ಪಟ್ಟಿ ಮಾಡಿದಳು. ತೊಗರಿಬೇಳೆ ಮೂರು ಕಡೆ ಸಿಕ್ಕಿತು. ಹೆಸರು, ಮಡಕಿ, ಅಲಸಂದಿ, ಕಡಲೆ ಎಲ್ಲ ಒಂದೊಂದು ಹಿಡಿ, ಎರಡೆರಡು ಹಿಡಿ. ಹುರಳಿ ಇತ್ತು ಎಂಬುದೇ ನನಗೆ ಮರೆತಿತ್ತು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ತಳದಲ್ಲಿ ಚೂರು ಚೂರು. ಒಣಗಿಸಿಟ್ಟ ಪುಂಡಿಪಲ್ಯ, ಹೋದ ವರ್ಷದ ಸಂಡಿಗೆ, ಜೋಳದ ನುಚ್ಚು, ಎರಡು ಬಗೆಯ ರವೆ. ಒಂದು ಚೀಲ ಹೊಸ ಬಿಳಿ ಜೋಳ. ಒಂದು ಡಬ್ಬಿ ಒಣದ್ರಾಕ್ಷಿ. ಮೂರು ಜನರ ಮನೆಯಲ್ಲಿ ಇಷ್ಟೆಲ್ಲ ಇಟ್ಟುಕೊಂಡು ನಾನು ವಾರಕ್ಕೊಮ್ಮೆ ಚೀಲ ಹಿಡಿದು ಸಂತೆಗೆ ಹೋಗುತ್ತಿದ್ದೆ.

ಆ ತಿಂಗಳು ಚೆನ್ನಾಗಿಯೇ ಉಂಡೆವು. ಹುರಳಿ ಬೇಯಿಸಿ ಕಟ್ಟು ಬಸಿದರೆ ಒಂದು ಹೊತ್ತಿಗೆ ಸಾರು, ಕಾಳಿನದು ಪಲ್ಯ. ಹಿಡಿ ಹಿಡಿ ಉಳಿದ ಕಾಳುಗಳನ್ನೆಲ್ಲ ಕೂಡಿಸಿ ನೆನೆಹಾಕಿ, ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಎರಡು ದಿನದ ಉಸಳಿ. ತರಕಾರಿ ಇಲ್ಲದ ದಿನ ಕಡಲೆಹಿಟ್ಟಿನ ಝುಣಕ. ನುಚ್ಚಿಗೆ ಮಜ್ಜಿಗೆ, ಜೊತೆಗೆ ಹಿಂಡಿ. ಅಕ್ಕಿಯಲ್ಲಿ ನುಸಿ ಆಗಿತ್ತು. ಬಿಸಿಲಿಗೆ ತೆಳ್ಳಗೆ ಹರವಿದರೆ ಅವು ತಾವೇ ಹರಿದು ನೆರಳಿಗೆ ಹೋಗುತ್ತವೆ, ಕೊಲ್ಲಬೇಕಾಗಿಲ್ಲ. ಮೊದಲನೆಯ ಶೀಲ ಅಕ್ಕಿಯ ಮೊರದಲ್ಲಿಯೂ ಪಾಲಿಸಲು ಬರುತ್ತದೆ.

ಆ ದಿನಗಳಲ್ಲಿ ಒಂದು ಸಂಗತಿ ಗಮನಿಸಿದೆ. ಮುಂಜಾನೆ ಎದ್ದ ಕೂಡಲೇ 'ಇವತ್ತು ಏನು ತಿನ್ನಬೇಕು ಅನಿಸುತ್ತದೆ' ಎಂದು ಮನಸ್ಸು ಕೇಳುತ್ತಿತ್ತು. ಒಂದು ವಾರದ ಮೇಲೆ ಪ್ರಶ್ನೆ ಬದಲಾಯಿತು, 'ಇವತ್ತು ಏನಿದೆ' ಎಂದಾಯಿತು. ಮೊದಲನೆಯ ಪ್ರಶ್ನೆಗೆ ಕೊನೆ ಇಲ್ಲ. ಎರಡನೆಯದಕ್ಕೆ ಡಬ್ಬಿ ತೆರೆದರೆ ಉತ್ತರ ಸಿಗುತ್ತದೆ.

ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥ ಭಗವಾನ್ ಬುದ್ಧರ ಬಳಿಗೆ ಬರುತ್ತಾನೆ. ನಾವು ಹೆಂಡಿರು ಮಕ್ಕಳೊಂದಿಗೆ ಇರುವವರು, ನಮಗೆ ಹೊಂದುವ ಮಾತು ಹೇಳಿ ಎಂದು ಕೇಳುತ್ತಾನೆ. ಬುದ್ಧರು ಅವನಿಗೆ ಕಾಡಿಗೆ ಹೋಗು ಎನ್ನಲಿಲ್ಲ. ದುಡಿಯುವುದು, ದುಡಿದದ್ದನ್ನು ಕಾಯುವುದು, ಒಳ್ಳೆಯ ಗೆಳೆಯರ ಸಂಗ, ಸಮಜೀವನ ಎಂದು ನಾಲ್ಕು ಹೇಳಿದರು. ಸಮಜೀವನ ಎಂದರೆ ಆದಾಯ ಮತ್ತು ಖರ್ಚನ್ನು ತಕ್ಕಡಿಯ ಮೇಲೆ ಇಟ್ಟು ನೋಡಿ ಬದುಕುವುದು. ಕಡಿಮೆ ಆದಾಯದಲ್ಲಿ ದುಂದು ಮಾಡುವವನನ್ನು ಜನ ಅತ್ತಿಹಣ್ಣು ತಿನ್ನುವವನಿಗೆ ಹೋಲಿಸುತ್ತಾರೆ ಎಂದರು. ಗಿಡ ಅಲುಗಾಡಿಸಿದರೆ ಹಣ್ಣು ರಾಶಿ ಬೀಳುತ್ತದೆ, ತಿನ್ನುವುದು ನಾಲ್ಕು, ಉಳಿದದ್ದು ಮಣ್ಣುಪಾಲು. ಇದು ಒಂದು ತುದಿ. ಇನ್ನೊಂದು ತುದಿಯನ್ನೂ ಅಲ್ಲಿಯೇ ಹೇಳಿದ್ದಾರೆ. ಬೇಕಾದಷ್ಟು ಇದ್ದೂ ಉಣ್ಣದೆ ಉಡದೆ ಬದುಕುವವನು ದಿಕ್ಕಿಲ್ಲದವನಂತೆ ಸಾಯುತ್ತಾನೆ ಎಂದು ಜನ ಅನ್ನುತ್ತಾರೆ.

ಆದ್ದರಿಂದ ಡಬ್ಬಿ ತುಂಬಿಡುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಆಹಾರವನ್ನು ನಾಳೆಗೆಂದು ಕೂಡಿಡಬಾರದು ಎಂಬ ನಿಯಮ ಭಿಕ್ಖುಗಳಿಗೆ. ಗೃಹಸ್ಥನಿಗೆ ಸಿಗಾಲೋವಾದ ಸುತ್ತದಲ್ಲಿ ಹೇಳಿದ್ದು ಬೇರೆ. ಗಳಿಕೆಯನ್ನು ನಾಲ್ಕು ಪಾಲು ಮಾಡು, ಒಂದನ್ನು ಅನುಭವಿಸು, ಎರಡನ್ನು ಉದ್ಯೋಗಕ್ಕೆ ಹಾಕು, ಒಂದನ್ನು ಕಷ್ಟಕಾಲಕ್ಕೆ ಇಡು.

ಕಷ್ಟಕಾಲ ಎಂದರೆ ನಮ್ಮ ಜಿಲ್ಲೆಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ನನ್ನ ತಾಯಿಯ ತವರು ಬಬಲೇಶ್ವರದ ಕಡೆಯ ಒಂದು ಹಳ್ಳಿ. 1972ರ ಬರವನ್ನು ಆಕೆ ಹುಡುಗಿಯಾಗಿ ಕಂಡವಳು. ಆ ಊರಲ್ಲಿ ಹೊಲ ಇದ್ದವರಿಗೆ ಹಗೇವು ಇದ್ದವು. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನಮ್ಮವರು ಆ ಹಗೇವು ತೋಡಿದರು, ತುಂಬಿದರು, ತೆಗೆದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಗಡಿಗೆ. ಅವ್ವ ಸಾಯುವವರೆಗೂ ಡಬ್ಬಿ ಅರ್ಧ ಆದರೆ ಸಾಕು, ಜೀವ ಹಿಡಿದುಕೊಳ್ಳುತ್ತಿದ್ದಳು. ನನ್ನ ಮನೆಯ ಮೂರು ಡಬ್ಬಿ ತೊಗರಿಬೇಳೆ ಎಲ್ಲಿಂದ ಬಂತು ಎಂದು ಆ ಪಟ್ಟಿ ನೋಡುವಾಗ ತಿಳಿಯಿತು. ಅದು ದುರಾಸೆಯಲ್ಲ, ಅವ್ವನ ಅಂಜಿಕೆ. ಅಂಜಿಕೆಯೂ ಆಸ್ತಿಯ ಹಾಗೆಯೇ ತಾಯಿಯಿಂದ ಮಗಳಿಗೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಮುಂದಿನದು ನನ್ನ ತಪ್ಪಿನ ಭಾಗ.

ಹೊರಡಲು ನಾಲ್ಕು ದಿನ ಇತ್ತು. ಎಲ್ಲ ಮುಗಿಯಲಿಲ್ಲ. ನಮ್ಮ ಓಣಿಯ ಕೊನೆಗೆ ಒಬ್ಬ ಅಜ್ಜಿ ಒಬ್ಬರೇ ಇರುತ್ತಾರೆ. ದ್ರಾಕ್ಷಿ ತೋಟದಲ್ಲಿ, ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ ಮಾಡುವವರು. 'ಪಾಪ, ಅವರಿಗೆ ಕೊಡೋಣ' ಅಂದುಕೊಂಡೆ. ಒಂದು ಚೀಲ ತುಂಬಿದೆ. ಏನು ತುಂಬಿದೆ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಬೀಸಿ ಬಹಳ ದಿನವಾಗಿದ್ದ ಜೋಳದ ಹಿಟ್ಟು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಸೀಳುತ್ತದೆ, ಬಾಯಿಗೆ ಕಹಿ. ನಾನೇ ಎರಡು ಸಲ ಮಾಡಿ ಬಿಟ್ಟಿದ್ದೆ. ಹರವದೇ ಉಳಿದಿದ್ದ ನುಸಿಯ ಅಕ್ಕಿ. ವಾಸನೆ ತಿರುಗಿದ್ದ ರವೆ. ಹೊಸ ಜೋಳದ ಚೀಲ, ಒಳ್ಳೆಯ ಬೇಳೆ, ಒಣದ್ರಾಕ್ಷಿ ವಿಜಯಪುರಕ್ಕೆ ಒಯ್ಯಲು ಕಟ್ಟಿಟ್ಟಿದ್ದೆ. ಕೆಲಸ ಬಹಳ ಇತ್ತು, ಚೀಲ ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ.

ಹುಡುಗಿ ಹೋದಷ್ಟೇ ಬೇಗ ಬಂದಳು. ಅಜ್ಜಿ ಚೀಲ ಬಿಚ್ಚಿ ಹಿಟ್ಟು ಮೂಸಿ ನೋಡಿ ಕೇಳಿದರಂತೆ, "ಯವ್ವಾ, ಇದು ಎಮ್ಮಿಗೆ ಕಳಿಸ್ಯಾರೋ ನನಗ ಕಳಿಸ್ಯಾರೋ? ಕೇಳ್ಕೊಂಡ್ ಬಾ." ಸಿಟ್ಟಿನಿಂದ ಅಲ್ಲ, ತಿಳಿದುಕೊಳ್ಳುವವರ ಹಾಗೆ ಕೇಳಿದರು ಎಂದು ಮಗಳು ಹೇಳಿದಳು.

ನನಗೆ ಮೊದಲು ಬಂದದ್ದು ಸಿಟ್ಟು. ಕೊಟ್ಟರೂ ಹೀಗಂತಾರಲ್ಲ ಅನಿಸಿತು. ಆಮೇಲೆ ಮಗಳು ಇನ್ನೊಂದು ಮಾತು ನೆನಪಿಸಿದಳು. ನಾನು ಕಟ್ಟಿಟ್ಟಿದ್ದ ಆ ಒಣದ್ರಾಕ್ಷಿ ಮಾರ್ಚ್ ತಿಂಗಳಲ್ಲಿ ಅದೇ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ತಂದು ಕೊಟ್ಟದ್ದು. "ಹುಡುಗಿಗೆ ಪರೀಕ್ಷಾ ಅದ, ಕೊಡ್ರಿ" ಎಂದು, ಒಂದೂ ಕಡ್ಡಿ ಇಲ್ಲದಂತೆ ಆರಿಸಿ ತಂದಿದ್ದರು.

ಅವ್ವ ಒಂದು ಮಾತು ಹೇಳುತ್ತಿದ್ದಳು. ಆಕೆ ಸಣ್ಣಾಕೆ ಇದ್ದಾಗ ದೊಡ್ಡವರ ಹಿತ್ತಲಲ್ಲಿ ಪುಟ್ಟಿ ಹಿಡಿದು ನಿಲ್ಲಬೇಕಿತ್ತು. ಉಂಡು ಉಳಿದ ಹಳಸಿದ ರೊಟ್ಟಿಯನ್ನು ಮುಟ್ಟದ ಹಾಗೆ ಮೇಲಿಂದ ಹಾಕುತ್ತಿದ್ದರು. "ಹಸಿವಿ ಮರ್ತೀನಿ, ಆ ರೊಟ್ಟಿ ಪುಟ್ಟ್ಯಾಗ ಬೀಳೋ ಸಪ್ಪಳ ಮರ್ತಿಲ್ಲ" ಅನ್ನುತ್ತಿದ್ದಳು. 1927ರ ಮಾರ್ಚ್‌ನಲ್ಲಿ ಮಹಾಡ್ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ತುಣುಕಿಗೆ ಕೈ ಚಾಚುವುದನ್ನು ಬಿಡಿ ಎಂದು ನಮ್ಮವರಿಗೆ ಕರೆ ಕೊಟ್ಟರು. ಮರುದಿನ ಜನ ಅವರೊಂದಿಗೆ ನಡೆದು ಚವದಾರ ಕೆರೆಯ ನೀರು ಕುಡಿದರು. ಎಂಜಲಿಗೆ ಚಾಚಿದ ಕೈ ಹಕ್ಕಿಗೆ ಏಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನಾವು ಆ ಪುಟ್ಟಿ ಇಳಿಸಿ ಬಂದವರು. ಆದರೆ ಸಂಬಳ ಬರುವ ಮನೆಯಲ್ಲಿ ಕೂತ ಮೇಲೆ ನನ್ನ ಕೈ ಹಿತ್ತಲ ಬಾಗಿಲಿನ ಕೈಯಾಯಿತು. ಜಾತಿ ಎಂದರೆ ಹೆಸರಿನ ಮುಂದೆ ಇರುವುದಷ್ಟೇ ಅಲ್ಲ. ನನಗೆ ಬೇಡವಾದದ್ದು ಇವರಿಗೆ ಸಾಕು ಎಂಬ ಎಣಿಕೆಯೂ ಜಾತಿಯೇ.

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ ಬುದ್ಧರು ಸತ್ಪುರುಷರ ದಾನಕ್ಕೂ ಅಲ್ಲದವರ ದಾನಕ್ಕೂ ಐದು ಗುರುತು ಹೇಳಿದ್ದಾರೆ. ಸತ್ಪುರುಷರು ಆದರದಿಂದ ಕೊಡುತ್ತಾರೆ. ಎದುರಿಗಿರುವವರನ್ನು ಗೌರವಿಸಿ ಕೊಡುತ್ತಾರೆ. ತಮ್ಮ ಕೈಯಿಂದ ಕೊಡುತ್ತಾರೆ. ಬಿಸಾಡುವಂಥದ್ದನ್ನು ಕೊಡುವುದಿಲ್ಲ. ಕೊಟ್ಟದ್ದಕ್ಕೆ ಫಲ ಉಂಟು ಎಂಬ ಅರಿವಿನಿಂದ ಕೊಡುತ್ತಾರೆ. ಇದನ್ನು ನಾನೇ ಒಮ್ಮೆ ನಮ್ಮ ಬಳಗದಲ್ಲಿ ಓದಿ ವಿವರಿಸಿದ್ದೆ. ಆ ದಿನ ನನ್ನ ಚೀಲವನ್ನು ಐದರಲ್ಲಿ ಯಾವ ಗುರುತಿಗೆ ಹಿಡಿದರೂ ನಿಲ್ಲಲಿಲ್ಲ. 22 ಪ್ರತಿಜ್ಞೆಗಳಲ್ಲಿ ಹತ್ತು ಪಾರಮಿತೆ ಪಾಲಿಸುತ್ತೇನೆ ಎಂದು ಹೇಳುತ್ತೇವೆ. ದಾನ ಅದರಲ್ಲಿ ಒಂದು. ಮನೆ ಖಾಲಿ ಮಾಡುವುದು ದಾನವಲ್ಲ.

ಮರುದಿನ ಬೆಳಿಗ್ಗೆ ಹೊಸ ಜೋಳದಲ್ಲಿ ಅರ್ಧ, ಒಳ್ಳೆಯ ಬೇಳೆ, ಒಣದ್ರಾಕ್ಷಿಯ ಡಬ್ಬಿ ಹಿಡಿದು ನಾನೇ ಹೋದೆ. ತಪ್ಪಾಯಿತು ಎಂದೆ. ಅಜ್ಜಿ ಆ ಮಾತಿಗೆ ಏನೂ ಅನ್ನಲಿಲ್ಲ. ಜೋಳ ಅಂಗೈಯಲ್ಲಿ ಹಿಡಿದು ನೋಡಿ, "ಚಲೋ ಅದ" ಅಂದರು. ಒಣದ್ರಾಕ್ಷಿ ಮಾತ್ರ ತೆಗೆದುಕೊಳ್ಳಲಿಲ್ಲ. "ಅದು ನಾ ಕೊಟ್ಟದ್ದು. ವಾಪಸ್ ಕೊಡಬ್ಯಾಡ" ಅಂದರು. ಹಿಂದಿನ ದಿನದ ಚೀಲ ಖಾಲಿಯಾಗಿ, ಮಡಿಚಿ, ಬಾಗಿಲ ಬಳಿ ಇತ್ತು. ಹಿಟ್ಟು ಪಕ್ಕದ ಮನೆಯ ಎಮ್ಮೆಗೆ ಹೋಗಿತ್ತು. ಅದಕ್ಕೆ ಸರಿಯಾದ ಜಾಗ ಅದೇ. ಆ ಚೀಲ ಕೈಗೆ ತೆಗೆದುಕೊಂಡು ಬರುವಾಗ ನನಗೆ ಹಗುರ ಅನಿಸಲಿಲ್ಲ. ಅನಿಸಬೇಕಾಗಿಯೂ ಇರಲಿಲ್ಲ.

ಹೊಸ ಮನೆಗೆ ಬಂದ ದಿನ ವಾಸ್ತು, ಹೋಮ ಏನೂ ಮಾಡಲಿಲ್ಲ. ತ್ರಿಶರಣ ಪಂಚಶೀಲ ಹೇಳಿದೆವು. ತಿಕೋಟಾದಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಹಿಂಡಿ, ಒಡೆದ ಗೋಧಿಯ ಹುಗ್ಗಿ. ಹುಗ್ಗಿಗೆ ಅಜ್ಜಿಯ ಒಣದ್ರಾಕ್ಷಿ ಹಾಕಿದೆವು. ಡಬ್ಬಿಗಳು ಈಗ ಏಳೇ ಇವೆ.

ಬಂಧುಗಳೇ, ಇಂದು ಒಂದು ಚಿಕ್ಕ ಅಭ್ಯಾಸ ಮಾಡೋಣ. ಮನೆ ಬಿಡುವವರೇ ಮಾಡಬೇಕೆಂದಿಲ್ಲ. ಸಂಜೆ ಅಡಿಗೆಮನೆಯ ಎಲ್ಲ ಡಬ್ಬಿಗಳ ಮುಚ್ಚಳ ತೆರೆದು ನೋಡಿ. ಮರೆತ ಕಾಳನ್ನು ನಾಳೆ ನೆನೆಹಾಕಿ. ಯಾರಿಗಾದರೂ ಕೊಡುವ ಮನಸ್ಸು ಬಂದರೆ, ಕೊಡುವ ಮೊದಲು ಅದರಲ್ಲಿ ಒಂದು ಹಿಡಿ ಬೇಯಿಸಿ ನೀವು ಉಂಡು ನೋಡಿ. ನಿಮಗೆ ಸೇರಿದರೆ, ನಿಮ್ಮ ಕೈಯಿಂದಲೇ, ಮುಂಬಾಗಿಲಿನಿಂದ ಹೋಗಿ ಕೊಡಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ಜೈ ಭೀಮ್.