ಸಂಶಯವೂ ನಿರ್ಣಯವೂ

ರೋಗವನ್ನರಿಯುವ ವಿದ್ಯೆಯನ್ನು ಕಲಿಸುವಾತನು ಶಿಷ್ಯನಿಗೆ ಕೊಡಬೇಕಾದುದು ನಿರ್ಣಯವನ್ನೋ, ಸಂಶಯವನ್ನೋ? 1965ರಲ್ಲಿ ದಾವಣಗೆರೆಯಲ್ಲಿ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ಸ್ಥಾಪಿತವಾದಂದಿನಿಂದ ಎಷ್ಟೋ ತರುಣರು ರೋಗಿಯ ಮಂಚದ ಬಳಿ ನಿಂತು ಈ ವಿದ್ಯೆಯನ್ನು ಕಲಿಯುತ್ತ ಬಂದಿರುವರು. ಈ ಪ್ರಶ್ನೆಯು ಅವರೊಬ್ಬರಿಗೇ ಸೇರಿದುದಲ್ಲ. ಅವರ ಕೈಗೆ ಪ್ರಾಣವನ್ನೊಪ್ಪಿಸುವ ಸರ್ವರಿಗೂ ಸೇರಿದುದು.

ಹರಿಹರದ ಹೊಳೆದಂಡೆಯ ಗದ್ದೆಯಲ್ಲಿ ದುಡಿಯುವ ರೈತನೊಬ್ಬನು ಜ್ವರದಿಂದ ನರಳುತ್ತ ಆಸ್ಪತ್ರೆಗೆ ಬಂದನೆಂದು ಭಾವಿಸಬಹುದು. ಊರಿನಲ್ಲಿ ಡೆಂಗೀ ಹಬ್ಬಿದ್ದರೆ ಎಲ್ಲರ ಬಾಯಲ್ಲಿಯೂ ಅದೇ ಹೆಸರು. ಆದರೆ ಕೆಸರುನೀರಿನಲ್ಲಿ ನಿಲ್ಲುವವನಿಗೆ ಇಲಿಯ ಮೂತ್ರದಿಂದ ಹರಡುವ ಇಲಿಜ್ವರವೂ ತಗಲಬಹುದು. ಡೆಂಗೀಗೆ ನೇರವಾದ ಮದ್ದಿಲ್ಲ; ಇಲಿಜ್ವರಕ್ಕೆ ಉಂಟು. ‘ನಿಮ್ಮ ಕಸುಬೇನು?’ ಎಂಬ ಒಂದು ಮಾತನ್ನು ಕೇಳದೆ ಬಿಟ್ಟರೆ, ಮದ್ದಿರುವ ರೋಗದಿಂದಲೇ ಅವನು ಸಾಯಬಹುದು.

1957ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುವು. ಸುತ್ತಣ ಹಳ್ಳಿಗರು ಜ್ವರದಿಂದ ಮಲಗಿದರು. ಮಂಗಗಳ ಸಾವನ್ನು ಕಂಡು ತಜ್ಞರು ಮೊದಲು ಹಳದಿ ಜ್ವರವನ್ನು ಶಂಕಿಸಿದರು. ಊಹೆಗೆ ಆಧಾರವಿದ್ದಿತು, ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಲಾಗಿ, ಅದು ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ಸೆಂದು ತಿಳಿದುಬಂದಿತು. ಮೊದಲ ಊಹೆಯನ್ನು ಮಾಡುವುದು ದೋಷವಲ್ಲ. ಅದನ್ನು ಪರೀಕ್ಷಿಸದೆ ಪೂಜಿಸುವುದು ದೋಷ.

ಚರಕಸಂಹಿತೆಯು ರೋಗಜ್ಞಾನಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರು ಸಾಧನಗಳನ್ನು ಹೇಳಿರುವುದು. ಗುರುವಿನ ಮಾತು ಇವುಗಳಲ್ಲಿ ಒಂದು ಮಾತ್ರ. ಅವನು ಉತ್ತರವನ್ನಷ್ಟೇ ನುಡಿದರೆ ಶಿಷ್ಯನಿಗೆ ರೋಗದ ಹೆಸರು ದಕ್ಕುವುದೇ ಹೊರತು ಅದನ್ನು ಕಂಡ ದಾರಿ ದಕ್ಕದು. ತಾನು ಏನೇನನ್ನು ಶಂಕಿಸಿದನು, ಯಾವುದನ್ನು ಏತಕ್ಕೆ ಕೈಬಿಟ್ಟನು, ಎಲ್ಲಿ ತಡವರಿಸಿದನು ಎಂಬುದನ್ನು ಅವನು ಶಿಷ್ಯರೆದುರು ಬಾಯಿಬಿಟ್ಟು ಹೇಳತಕ್ಕದ್ದು. ಇದರಿಂದ ಗುರುವಿನ ಗೌರವಕ್ಕೆ ಕುಂದಿಲ್ಲ. ಹರಿಹರೇಶ್ವರನ ಮೂರ್ತಿಯ ಒಂದೇ ಪಕ್ಕವನ್ನು ನೋಡಿದವನು ಅದನ್ನು ಹರಿಯೆಂದೋ ಹರನೆಂದೋ ಕರೆದಾನು. ಎರಡನ್ನೂ ನೋಡಿದವನಿಗಲ್ಲವೆ ನಿಜವಾದ ಹೆಸರು ತಿಳಿಯುವುದು?

ಸಂಶಯವನ್ನೇ ಕಲಿತವನು ಕೈಕಟ್ಟಿ ಕುಳಿತಾನೆಂದು ಆಕ್ಷೇಪಿಸುವವರುಂಟು. ರೋಗವು ಕಾಯದೆಂಬುದು ದಿಟ. ಅರೆತಿಳಿವಿನಲ್ಲಿಯೇ ವೈದ್ಯನು ಮದ್ದು ಕೊಡಬೇಕಾಗುವುದು. ಆದರೆ ಕೈಯು ನಿರ್ಣಯಿಸಿತೆಂದು ಮನಸ್ಸು ಬಾಗಿಲು ಮುಚ್ಚಬೇಕಾಗಿಲ್ಲ. ಇಂದು ಮದ್ದನ್ನು ಕೊಟ್ಟು, ನಾಳೆ ಮತ್ತೆ ಮಂಚದ ಬಳಿಗೆ ಬಂದು, ‘ಇದಲ್ಲದಿದ್ದರೆ ಮತ್ತೇನು?’ ಎಂದು ತನ್ನನ್ನೇ ಕೇಳಿಕೊಳ್ಳುವುದು ಬುದ್ಧಿಯ ಚಾತುರ್ಯ ಮಾತ್ರವಲ್ಲ. ನಂಬಿ ಬಂದವನಿಗೆ ಸಲ್ಲಿಸಬೇಕಾದ ಋಣ. ಗುರುವು ಕಲಿಸಬೇಕಾದುದು ಈ ಋಣವನ್ನು.